ನಿಂತುಹೋದ ಅಪಾರ್ಟ್‌ಮೆಂಟಿನಿಂದ ಹಣ ವಾಪಸು: ರೇರಾ ಆದೇಶ ಬಂದ ಮೇಲಿನ ದಾರಿ

ಬೆಂಗಳೂರಿನ ಪೂರ್ವ ಭಾಗದಲ್ಲಿ 2018ರಲ್ಲಿ ಬುಕ್ ಮಾಡಿದ್ದ ಫ್ಲ್ಯಾಟಿಗೆ ನಾವು ಕಟ್ಟಿದ್ದ ಹಣದ ಕೊನೆಯ ಕಂತು ಈಚೆಗಷ್ಟೇ ನಮ್ಮ ಕೈ ಸೇರಿತು. ಕಟ್ಟಡ ಇಂದಿಗೂ ಅರೆಬರೆಯಾಗಿ, ಮೇಲಿನ ಮಹಡಿಗಳ ಕಂಬಗಳಿಂದ ತುಕ್ಕು ಹಿಡಿದ ಕಬ್ಬಿಣ ಚಾಚಿಕೊಂಡು ನಿಂತಿದೆ. ಇಂಥ ಯೋಜನೆಗಳಲ್ಲಿ ಸಿಕ್ಕಿಕೊಂಡವರಿಗೆ ರೇರಾಕ್ಕೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ದೂರು ಸಲ್ಲಿಸುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಆದೇಶ ಕೈಗೆ ಬಂದ ಮೇಲೆ ಹಣ ವಸೂಲಾಗುವುದು ಹೇಗೆಂದು ಹೇಳುವವರು ನಮಗೆ ಸಿಗಲಿಲ್ಲ. ನಮ್ಮ ಅನುಭವದಲ್ಲಿ ಹೆಚ್ಚು ಕಾಲವೂ ಹೆಚ್ಚು ಓಡಾಟವೂ ಹಿಡಿದದ್ದು ಆ ಎರಡನೆಯ ಭಾಗಕ್ಕೆ. ಆದ್ದರಿಂದ ಮೊದಲ ಭಾಗವನ್ನು ಬೇಗ ಮುಗಿಸಿ, ವಸೂಲಿಯ ಬಗ್ಗೆ ವಿವರವಾಗಿ ಬರೆಯುತ್ತೇನೆ.

ನಮ್ಮದು ಜಂಟಿ ಅಭಿವೃದ್ಧಿಯ ಯೋಜನೆ. ಜಾಗ ಒಂದು ಕುಟುಂಬದ್ದು, ಕಟ್ಟುವವರು ಬಿಲ್ಡರ್, ಫ್ಲ್ಯಾಟುಗಳು ಇಬ್ಬರ ನಡುವೆ ಹಂಚಿಕೆ. ಒಪ್ಪಂದಗಳು ಎರಡಿದ್ದವು: ಜಾಗದ ಅವಿಭಜಿತ ಪಾಲಿನ ಮಾರಾಟದ ಕರಾರು ಒಂದು, ನಿರ್ಮಾಣದ ಕರಾರು ಇನ್ನೊಂದು. 2020ರ ಡಿಸೆಂಬರಿಗೆ ಮನೆ ಕೊಡುವುದಾಗಿಯೂ ಅಗತ್ಯ ಬಿದ್ದರೆ ಆರು ತಿಂಗಳ ಹೆಚ್ಚುವರಿ ಅವಧಿ ಪಡೆಯುವುದಾಗಿಯೂ ಅದರಲ್ಲಿ ಬರೆದಿತ್ತು. 2019ರ ಕೊನೆಯ ಹೊತ್ತಿಗೇ ಕೆಲಸ ಕುಂಟತೊಡಗಿತ್ತು. ಮೊದಲು ಸೈಟ್ ಎಂಜಿನಿಯರ್ ಬದಲಾದರು, ಆಮೇಲೆ ಕೂಲಿಕಾರರ ಶೆಡ್ಡುಗಳು ಖಾಲಿಯಾದವು, ಕೊನೆಗೆ ಕ್ರೇನ್ ಹೋಯಿತು. ಲಾಕ್‌ಡೌನ್ ಬಂದಾಗ ಬಿಲ್ಡರಿಗೆ ಹೇಳಿಕೊಳ್ಳಲು ಒಂದು ಕಾರಣ ಸಿಕ್ಕಿತು. ಕಚೇರಿಗೆ ಹೋದಾಗಲೆಲ್ಲ, "ಸಾರ್, ಇನ್ನೆರಡು ತಿಂಗಳು ತಡೀರಿ, ಫಂಡ್ ಬರ್ತಾ ಇದೆ, ಸ್ಲ್ಯಾಬ್ ಹಾಕಿಬಿಡ್ತೀವಿ" ಎಂಬ ಒಂದೇ ಉತ್ತರ.

ಆ ಅವಧಿಯಲ್ಲಿ ಮಾಡಲೇಬೇಕಾದ ಕೆಲಸವೊಂದಿದೆ. ಗೃಹಸಾಲ ಕೊಟ್ಟ ಬ್ಯಾಂಕು ಬಿಲ್ಡರ್ ಕಳಿಸುವ ಬೇಡಿಕೆ ಪತ್ರವನ್ನು ನೋಡಿ ಮುಂದಿನ ಕಂತನ್ನು ಬಿಡುಗಡೆ ಮಾಡುತ್ತದೆ. ಕೆಲಸ ನಿಂತಿದೆ ಎಂದು ಕಂಡ ಕೂಡಲೇ, ಸ್ಥಳದ ಫೋಟೋಗಳ ಸಮೇತ, ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಇನ್ನು ಹಣ ಬಿಡುಗಡೆ ಮಾಡಬಾರದೆಂದು ಶಾಖೆಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಬೇಕು. ನನ್ನ ಹೆಂಡತಿ ಬ್ಯಾಂಕಿನ ವ್ಯವಹಾರ ಬಲ್ಲವಳಾದ್ದರಿಂದ ಇದನ್ನು ಮೊದಲೇ ಮಾಡಿಸಿದಳು; ಹಾಗಾಗಿ ಎರಡು ಕಂತುಗಳಷ್ಟು ಸಾಲ ನಮ್ಮ ತಲೆಯ ಮೇಲೆ ಬೀಳುವುದು ತಪ್ಪಿತು. ಆದರೆ ಆಗಲೇ ಬಿಡುಗಡೆಯಾದ ಹಣದ ಮೇಲಿನ ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಲೇ ಇರಬೇಕು. ಬಿಲ್ಡರ್ ಮೇಲಿನ ಸಿಟ್ಟಿಗೆ ಬ್ಯಾಂಕಿನ ಕಂತು ನಿಲ್ಲಿಸಿದ ಕೆಲವರ ಸಿಬಿಲ್ ಅಂಕ ಕುಸಿದು, ಮುಂದೆ ಮಕ್ಕಳ ಓದಿನ ಸಾಲಕ್ಕೂ ತೊಂದರೆಯಾಯಿತು. ಇರುವ ಮನೆಗೆ ಬಾಡಿಗೆ, ಇಲ್ಲದ ಮನೆಗೆ ಬಡ್ಡಿ, ಎರಡನ್ನೂ ವರ್ಷಗಟ್ಟಲೆ ಕಟ್ಟುವುದು ಮನೆಯ ಲೆಕ್ಕಕ್ಕಿಂತ ಹೆಚ್ಚಾಗಿ ಮನಸ್ಸಿನ ನೆಮ್ಮದಿಯನ್ನು ತಿನ್ನುತ್ತದೆ. ಊರಿನಿಂದ ಫೋನು ಮಾಡಿದವರು "ಗೃಹಪ್ರವೇಶ ಯಾವಾಗ?" ಎಂದು ಕೇಳುವುದು ನಿಂತ ಮೇಲೆ, ಕೇಳದಿರುವುದೇ ಚುಚ್ಚತೊಡಗಿತು.

ಖರೀದಿದಾರರ ವಾಟ್ಸಾಪ್ ಗುಂಪು ಇಷ್ಟರಲ್ಲಿ ಎರಡು ಹೋಳಾಗಿತ್ತು. ಕಟ್ಟಡ ಮುಗಿಸಿಕೊಡಲಿ ಎನ್ನುವವರು ಒಂದು ಕಡೆ, ಹಣ ಕೊಟ್ಟು ಬಿಡಲಿ ಎನ್ನುವವರು ಇನ್ನೊಂದು ಕಡೆ. ರಿಯಲ್ ಎಸ್ಟೇಟ್ ಕಾಯ್ದೆ 2016ರ 18ನೆಯ ಕಲಮು ಎರಡಕ್ಕೂ ಅವಕಾಶ ಕೊಡುತ್ತದೆ: ಯೋಜನೆಯಿಂದ ಹೊರಬರುವವರಿಗೆ ಕಟ್ಟಿದ ಹಣ ಬಡ್ಡಿಸಹಿತ ವಾಪಸು, ಉಳಿಯುವವರಿಗೆ ಸ್ವಾಧೀನ ಸಿಗುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಕಾನೂನಿನ ಪ್ರಶ್ನೆಗಿಂತ ಯೋಜನೆಯ ಸ್ಥಿತಿಗತಿಯ ಪ್ರಶ್ನೆ. ಕರ್ನಾಟಕ ರೇರಾದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಯೋಜನೆಯ ಪುಟ ತೆರೆಯುತ್ತದೆ. ಮಂಜೂರಾದ ನಕ್ಷೆ, ಯೋಜನೆಯ ಬ್ಯಾಂಕ್ ಖಾತೆ, ಬಿಲ್ಡರ್ ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಪ್ರಗತಿ ವರದಿ ಎಲ್ಲವೂ ಅಲ್ಲಿರುತ್ತವೆ. ಖರೀದಿದಾರರಿಂದ ಬಂದ ಹಣದಲ್ಲಿ ಶೇಕಡಾ 70ರಷ್ಟನ್ನು ಆ ಪ್ರತ್ಯೇಕ ಖಾತೆಯಲ್ಲಿಟ್ಟು, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರದ ಮೇಲೆ ಕೆಲಸ ನಡೆದಷ್ಟಕ್ಕೆ ಮಾತ್ರ ತೆಗೆಯಬೇಕೆಂಬುದು ಕಾಯ್ದೆಯ ನಿಯಮ. ನಮ್ಮ ಯೋಜನೆಯ ಪುಟದಲ್ಲಿ ವರದಿಗಳು ನಿಂತುಹೋಗಿದ್ದವು. ಕೊನೆಯ ವರದಿಯಲ್ಲಿ ತೋರಿಸಿದ್ದ ಖರ್ಚಿಗೂ ಕಣ್ಣಿಗೆ ಕಾಣುವ ಕಟ್ಟಡಕ್ಕೂ ತಾಳೆಯಾಗುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ಹೊರಬರುವುದೇ ಸರಿಯೆಂದು ನಾವು ತೀರ್ಮಾನಿಸಿದೆವು. ಎದುರಿನ ಗೋಪುರದಲ್ಲಿ ಮನೆ ಕೊಂಡವರು ಉಳಿಯಲು ನಿರ್ಧರಿಸಿದರು, ಅವರ ಕಟ್ಟಡ ಪ್ಲಾಸ್ಟರ್ ಹಂತದಲ್ಲಿತ್ತು. ಅವರ ತೀರ್ಮಾನವೂ ಸರಿಯೇ.

2022ರ ಆರಂಭದಲ್ಲಿ ದೂರು ಸಲ್ಲಿಸಿದೆವು. ಹಿಂದಿನ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನಮ್ಮಂಥವರ ದಾರಿಯನ್ನು ಸಾಕಷ್ಟು ಸಲೀಸು ಮಾಡಿತ್ತು. ಒಪ್ಪಂದದ ಅವಧಿಯೊಳಗೆ ಮನೆ ಕೊಡದಿದ್ದರೆ ಹಣ ವಾಪಸು ಕೇಳುವ ಹಕ್ಕಿಗೆ ಯಾವ ಷರತ್ತೂ ಇಲ್ಲವೆಂದೂ, ಅಸಲು ಮತ್ತು ಬಡ್ಡಿಯ ವಾಪಸಾತಿಯನ್ನು ಪ್ರಾಧಿಕಾರವೇ ತೀರ್ಮಾನಿಸಬೇಕೆಂದೂ, ನಷ್ಟ ಪರಿಹಾರ ಮಾತ್ರ ನ್ಯಾಯನಿರ್ಣಯ ಅಧಿಕಾರಿಯ ವ್ಯಾಪ್ತಿಗೆ ಬರುತ್ತದೆಂದೂ ಅದು ಹೇಳುತ್ತದೆ. ಹೀಗಾಗಿ ಹಣ ವಾಪಸು ಕೇಳುವ ಅರ್ಜಿಯಲ್ಲಿ ಮಾನಸಿಕ ಯಾತನೆ, ಬಾಡಿಗೆ ನಷ್ಟ ಇತ್ಯಾದಿಗಳನ್ನು ಬೆರೆಸಬೇಡಿ. ದೂರಿನ ಶುಲ್ಕ 1,000 ರೂಪಾಯಿ. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು, ಲೆಕ್ಕಪರಿಶೋಧಕರನ್ನೋ ಕಂಪನಿ ಕಾರ್ಯದರ್ಶಿಯನ್ನೋ ನೇಮಿಸಿಕೊಳ್ಳಬಹುದು. ನಾವು ವಕೀಲರನ್ನು ಇಟ್ಟುಕೊಂಡೆವು. ಅವರು ಮೊದಲ ಭೇಟಿಯಲ್ಲೇ ಹೇಳಿದ ಮಾತು ಕೊನೆಯವರೆಗೂ ಉಪಯೋಗಕ್ಕೆ ಬಂತು: "ಜಾಗದ ಮಾಲೀಕರನ್ನೂ ಪ್ರತಿವಾದಿ ಮಾಡಿ. ಅವರಿಂದ ದುಡ್ಡು ಬರುತ್ತೋ ಇಲ್ವೋ, ಕಾಗದ ಬರುತ್ತೆ."

ದಾಖಲೆಗಳ ವಿಷಯದಲ್ಲಿ ಎರಡು ಮಾತು. ಹಣ ಕಟ್ಟಿದ್ದಕ್ಕೆ ಬಿಲ್ಡರಿನ ರಸೀದಿಯ ಜೊತೆಗೆ ನಿಮ್ಮ ಬ್ಯಾಂಕ್ ಖಾತೆಯ ವಿವರವನ್ನೂ ಸಾಲದ ಖಾತೆಯ ವಿವರವನ್ನೂ ಕೊಡಿ, ಏಕೆಂದರೆ ರಸೀದಿಗಳಲ್ಲಿ ದಿನಾಂಕ ತಪ್ಪಿರುವುದು ಸಾಮಾನ್ಯ. ಬಡ್ಡಿ ಲೆಕ್ಕ ನಡೆಯುವುದು ದಿನಾಂಕದ ಮೇಲೆ. ಎರಡು ಒಪ್ಪಂದಗಳಿದ್ದರೆ ಎರಡರಡಿ ಕಟ್ಟಿದ ಹಣವನ್ನೂ ಸೇರಿಸಿ. ಬಿಲ್ಡರಿಗೆ ನೀವು ಕಳಿಸಿದ ಇಮೇಲ್‌ಗಳಿಗಿಂತ ಅವರು ಕೊಟ್ಟ ಉತ್ತರಗಳಿಗೆ ಹೆಚ್ಚು ತೂಕ, ಮನೆ ಕೊಡುವ ಹೊಸ ಹೊಸ ದಿನಾಂಕಗಳನ್ನು ಅವರೇ ಅಲ್ಲಿ ಬರೆದುಕೊಟ್ಟಿರುತ್ತಾರೆ.

ವಿಚಾರಣೆಗಳು ಬಹುತೇಕ ವಿಡಿಯೋ ಮೂಲಕ ನಡೆದವು. ಬಿಲ್ಡರ್ ಪರ ವಕೀಲರು ಮೊದಮೊದಲು ವಕಾಲತ್ತು ಸಲ್ಲಿಸಲು, ಆಮೇಲೆ ಆಕ್ಷೇಪಣೆ ಸಲ್ಲಿಸಲು, ಮತ್ತೆ ದಾಖಲೆ ಹುಡುಕಲು ಸಮಯ ಕೇಳುತ್ತಲೇ ಹೋದರು. ಕಾಯ್ದೆ ಹೇಳುವ 60 ದಿನಗಳಲ್ಲಿ ಎಲ್ಲವೂ ಮುಗಿಯುತ್ತದೆಂದು ನಂಬಿ ಬಾಡಿಗೆ ಕರಾರು ಬಿಡಿಸಿಕೊಳ್ಳಲು ಹೋಗಬೇಡಿ. ಕೊನೆಗೂ ಬಂದ ಆಕ್ಷೇಪಣೆಯಲ್ಲಿ ಮೂರು ಕಾರಣಗಳಿದ್ದವು: ಕೋವಿಡ್, ಖರೀದಿದಾರರು ಸಮಯಕ್ಕೆ ಹಣ ಕಟ್ಟದಿರುವುದು, ಮತ್ತು ರಾಜಕಾಲುವೆಯ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯದ ಆದೇಶದಿಂದ ನಕ್ಷೆ ಬದಲಿಸಬೇಕಾಗಿ ಬಂದದ್ದು. ಕೊನೆಯ ಕಾರಣ ಕೇಳಲು ಗಟ್ಟಿಯಾಗಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬೆಂಗಳೂರಿನ ಕೆರೆಗಳ ಸುತ್ತಲಿನ ಮೀಸಲು ವಲಯವನ್ನು 75 ಮೀಟರಿಗೆ ಹೆಚ್ಚಿಸಿ, ರಾಜಕಾಲುವೆಗಳಿಗೂ ಅಂತರ ಹೆಚ್ಚಿಸಿದ್ದು ನಿಜ. ಆದರೆ ಅದು 2016ರ ಮೇ ತಿಂಗಳ ಆದೇಶ. ನಮ್ಮ ಒಪ್ಪಂದ 2018ರದ್ದು. ಆ ಆದೇಶ ಗೊತ್ತಿದ್ದೇ ಬಿಲ್ಡರ್ 2020ರ ದಿನಾಂಕವನ್ನು ಬರೆದುಕೊಟ್ಟಿದ್ದರು. ಮೇಲಾಗಿ 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಹೆಚ್ಚಳವನ್ನು ರದ್ದುಪಡಿಸಿತ್ತು. ಈ ಮೂರು ದಿನಾಂಕಗಳನ್ನು ಒಂದರ ಕೆಳಗೊಂದು ಬರೆದುಕೊಟ್ಟದ್ದೇ ನಮ್ಮ ಉತ್ತರ. ಕೋವಿಡ್ ವಿಷಯದಲ್ಲಿ ನಮ್ಮ ವಕೀಲರು ಜಗಳಕ್ಕೇ ಹೋಗಲಿಲ್ಲ. ಒಪ್ಪಂದದ ಆರು ತಿಂಗಳು, ಕೋವಿಡ್ ಕಾರಣಕ್ಕೆ ಯೋಜನೆಗಳಿಗೆ ಸಿಕ್ಕ ಇನ್ನಾರು ತಿಂಗಳು, ಎಲ್ಲವನ್ನೂ ನಾವೇ ಕೂಡಿಸಿ ಕೊಟ್ಟರೂ 2021ರ ಡಿಸೆಂಬರಿಗೆ ಗಡುವು ಮುಗಿಯುತ್ತದೆ ಎಂದು ತೋರಿಸಿದರು. ಬಿಲ್ಡರ್ ರೇರಾದಲ್ಲಿ ನೋಂದಣಿಯ ಅವಧಿಯನ್ನು ಮುಂದಕ್ಕೆ ಹಾಕಿಸಿಕೊಂಡಿದ್ದರೆ ಎದೆಗುಂದಬೇಡಿ, 18ನೆಯ ಕಲಮಿನಡಿ ವಿಳಂಬವನ್ನು ಅಳೆಯುವುದು ನಿಮ್ಮ ಒಪ್ಪಂದದಲ್ಲಿರುವ ದಿನಾಂಕದಿಂದ.

ಪ್ರಾಧಿಕಾರ ನಮ್ಮಿಂದ ಲೆಕ್ಕಪತ್ರದ ಮೆಮೊ ಕೇಳಿತು. ಇದನ್ನು ವಕೀಲರ ಗುಮಾಸ್ತರಿಗೆ ಬಿಡದೆ ನೀವೇ ಕೂತು ಮಾಡಿ. ಪ್ರತಿ ಕಂತು ಬಿಲ್ಡರಿಗೆ ಸಂದಾಯವಾದ ದಿನದಿಂದ ಅದು ವಾಪಸಾಗುವ ದಿನದವರೆಗೆ, ಸ್ಟೇಟ್ ಬ್ಯಾಂಕಿನ ಅತ್ಯಧಿಕ ಎಂಸಿಎಲ್‌ಆರ್ ದರಕ್ಕೆ (ಬ್ಯಾಂಕು ಸಾಲಗಳಿಗೆ ನಿಗದಿಮಾಡುವ ಮೂಲ ದರ) ಶೇಕಡಾ 2 ಸೇರಿಸಿದ ದರದಲ್ಲಿ ಬಡ್ಡಿ. ಬ್ಯಾಂಕು ನೇರವಾಗಿ ಬಿಲ್ಡರಿಗೆ ಕಳಿಸಿದ ಹಣವೂ ನಿಮ್ಮ ಹಣವೇ, ಅದಕ್ಕೂ ಬಡ್ಡಿ ಹಚ್ಚಬೇಕು. ಆದೇಶ ನಮ್ಮ ಪರವಾಗಿ ಬಂತು: ಅಸಲು ಮತ್ತು ಬಡ್ಡಿಯನ್ನು 60 ದಿನಗಳೊಳಗೆ ಕೊಡತಕ್ಕದ್ದು. ಆ ಸಂಜೆ ನನ್ನ ತಂದೆಗೆ ಫೋನು ಮಾಡಿದೆ. ಈ ಮನೆಗೆಂದು ತಮ್ಮ ಭವಿಷ್ಯನಿಧಿಯ ಒಂದು ಭಾಗ ಕೊಟ್ಟಿದ್ದ ಅವರು ಆದೇಶವನ್ನು ಪೂರ್ತಿ ಓದಿಸಿಕೊಂಡು, "ಸರಿ, ಕೊಡದಿದ್ರೆ ಏನು ಮಾಡ್ತಾರಂತೆ?" ಎಂದರು. ಕಂದಾಯ ಇಲಾಖೆಯಿಂದಲೇ ನಿವೃತ್ತರಾದವರಿಗೆ ಆ ಪ್ರಶ್ನೆ ಸಹಜವಾಗಿತ್ತು.

ಅವಧಿ ಮುಗಿದರೂ ಹಣ ಬರಲಿಲ್ಲ. ಬಿಲ್ಡರ್ ಮೇಲ್ಮನವಿಗೂ ಹೋಗಲಿಲ್ಲ. ಮೇಲ್ಮನವಿ ಹಾಕಬೇಕಾದರೆ ಖರೀದಿದಾರರಿಗೆ ಕೊಡಬೇಕಾದ ಮೊತ್ತವನ್ನು ಬಡ್ಡಿಸಹಿತ ಮೊದಲು ನ್ಯಾಯಮಂಡಳಿಯಲ್ಲಿ ಠೇವಣಿ ಇಡಬೇಕೆಂದು 43ನೆಯ ಕಲಮು ಹೇಳುತ್ತದೆ. ಹಾಗಾಗಿ ನಿಮ್ಮ ಬಿಲ್ಡರ್ ಮೇಲ್ಮನವಿಗೆ ಹೋದರೆ ಗಾಬರಿಪಡುವ ಬದಲು ಸಮಾಧಾನಪಡಿ, ಹಣ ಕನಿಷ್ಠ ಒಂದು ಸುರಕ್ಷಿತ ಜಾಗದಲ್ಲಿ ಕೂತಿರುತ್ತದೆ. ನಮಗೆ ಉಳಿದಿದ್ದು 40ನೆಯ ಕಲಮು. ಅದರಂತೆ ಬಾಕಿಯನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲು ಮಾಡಬಹುದು. ಆದೇಶ ಜಾರಿಗಾಗಿ ಮತ್ತೊಂದು ಅರ್ಜಿ ಹಾಕಿದೆವು. ಪ್ರಾಧಿಕಾರ ವಸೂಲಾತಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸಿತು. ಅಲ್ಲಿಂದ ಅದು ತಹಶೀಲ್ದಾರರಿಗೆ ಹೋಯಿತು.

ಇಲ್ಲಿಂದ ಮುಂದೆ ಕಡತದ ಹಿಂದೆ ಹೋಗದಿದ್ದರೆ ಕಡತ ತಾನಾಗಿ ನಡೆಯುವುದಿಲ್ಲ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಳಿಸಿದ ಪತ್ರದ ಸಂಖ್ಯೆ ಮತ್ತು ದಿನಾಂಕವನ್ನು ಬರೆದುಕೊಳ್ಳಿ. ಟಪಾಲು ವಿಭಾಗದಲ್ಲಿ ಅದು ಯಾವ ವಿಷಯ ನಿರ್ವಾಹಕರ ಮೇಜಿಗೆ ಹೋಯಿತೆಂದು ಕೇಳಿ. ನಮ್ಮ ಪ್ರಮಾಣಪತ್ರ ಬಿಲ್ಡರಿನ ನೋಂದಾಯಿತ ವಿಳಾಸವಿರುವ ತಾಲ್ಲೂಕಿಗೆ ಹೋಗಿತ್ತು. ನೋಟಿಸ್ ಒಯ್ದವರು ಆ ವಿಳಾಸದಲ್ಲಿ ಯಾರೂ ಇಲ್ಲವೆಂದು ವರದಿ ಹಾಕಿ ಬಂದರು. ವಿಷಯ ನಿರ್ವಾಹಕರು ಸಜ್ಜನರೇ. "ಇಂಥ ಕೇಸುಗಳು ನೂರಾರು ಇವೆ ಸಾರ್, ನಾವು ಎಲ್ಲಿ ಅಂತ ಹುಡುಕೋಣ? ಕಂಪನಿ ಹೆಸರಲ್ಲಿರೋ ಆಸ್ತಿ ವಿವರ ತಂದುಕೊಡಿ, ಜಪ್ತಿ ಮಾಡ್ತೀವಿ" ಎಂದರು. ಅವರು ಕೇಳಿದ್ದು ಕಾಯ್ದೆಯ ಯಾವ ಪುಟದಲ್ಲೂ ಇಲ್ಲದ ಕೆಲಸ. ಆದರೆ ವಸೂಲಿ ನಿಜವಾಗಿ ಶುರುವಾದದ್ದು ಆ ಮಾತಿನಿಂದ.

ಜಾಗದ ಮಾಲೀಕರನ್ನು ಪ್ರತಿವಾದಿ ಮಾಡಿದ್ದರ ಫಲ ಆಗ ಕಂಡಿತು. ತಮ್ಮ ಮೇಲೆ ಹೊಣೆ ಬಾರದಿರಲೆಂದು ಅವರು ವಿಚಾರಣೆಯಲ್ಲಿ ಜಂಟಿ ಅಭಿವೃದ್ಧಿ ಕರಾರನ್ನೂ ಫ್ಲ್ಯಾಟುಗಳ ಹಂಚಿಕೆ ಪತ್ರವನ್ನೂ ಸಲ್ಲಿಸಿದ್ದರು. ಯಾವ ಸಂಖ್ಯೆಯ ಫ್ಲ್ಯಾಟುಗಳು ಬಿಲ್ಡರಿನ ಪಾಲಿಗೆ ಬಂದಿವೆ ಎಂಬುದು ಅದರಲ್ಲಿತ್ತು. ನಾವು ಐದಾರು ಕುಟುಂಬಗಳು ಸೇರಿ ಮಾರಾಟವಾಗದೆ ಉಳಿದವುಗಳ ಪಟ್ಟಿ ಮಾಡಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದೆವು. ಅಷ್ಟೂ ಒಂದು ಹಣಕಾಸು ಸಂಸ್ಥೆಗೆ ಅಡಮಾನವಾಗಿದ್ದವು. ಆ ದಿನ ಯಾರೂ ಹೆಚ್ಚು ಮಾತನಾಡಲಿಲ್ಲ. ಆಮೇಲೆ ಗುಂಪಿನಲ್ಲಿದ್ದ ಲೆಕ್ಕಪರಿಶೋಧಕಿಯೊಬ್ಬರು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲಿನಲ್ಲಿ ಬಿಲ್ಡರ್ ಕಂಪನಿಯ ಕಡತಗಳನ್ನು ತೆರೆದರು. ಯಾರ ಬಳಿ ಏನನ್ನು ಒತ್ತೆಯಿಟ್ಟು ಸಾಲ ಪಡೆದಿದ್ದಾರೆ, ಯಾವ ಸಾಲ ತೀರಿ ಹೊರೆ ಇಳಿದಿದೆ ಎಂಬುದು ಅಲ್ಲಿ ದಾಖಲಾಗಿರುತ್ತದೆ. ಹಳೆಯದೊಂದು ಸಾಲ ತೀರಿದ ದಾಖಲೆಯಲ್ಲಿ ನಗರದ ಹೊರವಲಯದ, ಬೇರೊಂದು ತಾಲ್ಲೂಕಿನ ಜಮೀನಿನ ಸರ್ವೆ ನಂಬರು ಸಿಕ್ಕಿತು. ಪಹಣಿ ತೆಗೆದು ನೋಡಿದರೆ ಜಮೀನು ಇನ್ನೂ ಕಂಪನಿಯ ಹೆಸರಿನಲ್ಲೇ ಇತ್ತು, ಮೇಲೆ ಯಾವ ಹೊರೆಯೂ ಇರಲಿಲ್ಲ.

ಪಹಣಿ, ಋಣಭಾರ ಪ್ರಮಾಣಪತ್ರ ಮತ್ತು ಸಚಿವಾಲಯದ ದಾಖಲೆಯ ಪ್ರತಿಯನ್ನು ಲಗತ್ತಿಸಿ ಅರ್ಜಿ ಕೊಟ್ಟೆವು. ತಾಲ್ಲೂಕು ಬೇರೆಯಾದ್ದರಿಂದ ಕಡತ ಮತ್ತೆ ಜಿಲ್ಲಾಧಿಕಾರಿ ಕಚೇರಿಗೆ ಏರಿ, ಅಲ್ಲಿಂದ ಇನ್ನೊಂದು ತಾಲ್ಲೂಕಿಗೆ ಇಳಿಯಬೇಕಾಯಿತು. ನಡುವೆ ಚುನಾವಣೆ ಬಂತು, ಸಿಬ್ಬಂದಿ ಆ ಕೆಲಸಕ್ಕೆ ಹೋದರು, ನಮ್ಮ ಕಡತ ಬೀರುವಿನಲ್ಲಿ ಕೂತಿತು. ಇದೇ ಹೊತ್ತಿಗೆ ಬಿಲ್ಡರಿಗೆ ಸಾಲ ಕೊಟ್ಟಿದ್ದ ಇನ್ನೊಬ್ಬರು ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ದಿವಾಳಿ ಅರ್ಜಿ ಹಾಕಿದ್ದಾರೆಂಬ ಸುದ್ದಿ ಬಂತು. ನಾನು ಇಡೀ ಪ್ರಕ್ರಿಯೆಯಲ್ಲಿ ನಿದ್ದೆಗೆಟ್ಟದ್ದು ಆಗಲೇ. ಅಂಥ ಅರ್ಜಿ ಅಂಗೀಕಾರವಾದ ಕ್ಷಣ ಎಲ್ಲ ವಸೂಲಿಗೂ ತಡೆ ಬೀಳುತ್ತದೆ, ಜಪ್ತಿಯೂ ಅಲ್ಲೇ ನಿಲ್ಲುತ್ತದೆ. ನಮ್ಮ ಅದೃಷ್ಟಕ್ಕೆ ಅಂಗೀಕಾರಕ್ಕೆ ಮುಂಚೆ ಅವರಿಬ್ಬರೂ ರಾಜಿಯಾದರು. ನಿಮ್ಮ ವಿಷಯದಲ್ಲಿ ಅದು ಅಂಗೀಕಾರವಾದರೆ, ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ ದಿವಾಳಿ ಪ್ರಕ್ರಿಯೆ ನಡೆಸುವ ಪರಿಹಾರ ವೃತ್ತಿಪರರಿಗೆ, ಮನೆ ಖರೀದಿದಾರರಂಥವರಿಗೆ ಇರುವ ಫಾರಂ ಸಿಎಯಲ್ಲಿ, ನಿಮಗೆ ಬರಬೇಕಾದ ಹಣದ ಹಕ್ಕು ಸಲ್ಲಿಸಿ. ರೇರಾ ಆದೇಶ ಪಡೆದವರೆಂಬ ಕಾರಣಕ್ಕೆ ಉಳಿದ ಖರೀದಿದಾರರಿಗಿಂತ ನಿಮ್ಮನ್ನು ಕೀಳಾಗಿ ಕಾಣುವಂತಿಲ್ಲವೆಂದು ಸುಪ್ರೀಂ ಕೋರ್ಟು 2023ರಲ್ಲಿ ವಿಶಾಲ್ ಚೇಲಾನಿ ಪ್ರಕರಣದಲ್ಲಿ ಹೇಳಿದೆ.

ಕೊನೆಗೆ ಜಪ್ತಿ ಆದೇಶವಾಗಿ, ಪಹಣಿಯ 11ನೆಯ ಕಾಲಮಿನಲ್ಲಿ ಅದು ನಮೂದಾಯಿತು. ಹರಾಜು ಮುಂದೆ ಎಂದು ನಾವು ಮತ್ತೊಂದು ಸುತ್ತಿಗೆ ಸಿದ್ಧರಾಗುತ್ತಿದ್ದಾಗಲೇ ಬಿಲ್ಡರ್ ಕಚೇರಿಯಿಂದ ಫೋನು ಬಂತು. ವರ್ಷಗಟ್ಟಲೆ ಕರೆ ಎತ್ತದಿದ್ದವರು "ಬನ್ನಿ ಸಾರ್, ಕೂತು ಮಾತಾಡೋಣ" ಎಂದರು. ಆ ಜಮೀನನ್ನು ಮಾರುವ ಮಾತುಕತೆ ನಡೆದಿತ್ತೆಂದೂ, ಪಹಣಿಯಲ್ಲಿ ಜಪ್ತಿ ಕಂಡು ಕೊಳ್ಳುವವರು ಹಿಂಜರಿದಿದ್ದಾರೆಂದೂ ಆಮೇಲೆ ತಿಳಿಯಿತು. ಹರಾಜಿನವರೆಗೆ ಹೋಗಿದ್ದರೆ ಏನಾಗುತ್ತಿತ್ತೋ, ನಮ್ಮ ಮಟ್ಟಿಗೆ ಕೆಲಸ ಮಾಡಿದ್ದು ಪಹಣಿಯ ಆ ಒಂದು ಸಾಲು.

ಮೊದಲು ಅವರು ಬಡ್ಡಿಯಿಲ್ಲದೆ ಅಸಲು ಮಾತ್ರ ಕೊಡುವುದಾಗಿ ಹೇಳಿದರು. ಒಂದಿಬ್ಬರು ಅದಕ್ಕೇ ಒಪ್ಪಿದರು, ಅವರ ಕಷ್ಟ ಅವರಿಗೆ. ನಾವು ಉಳಿದವರು ಅಸಲಿನ ಜೊತೆ ಬಡ್ಡಿಯ ದೊಡ್ಡ ಭಾಗವನ್ನು ಕಂತುಗಳಲ್ಲಿ ಡಿಮ್ಯಾಂಡ್ ಡ್ರಾಫ್ಟ್ ಮೂಲಕ ಪಡೆಯುವಂತೆ ರಾಜಿ ಪತ್ರ ಬರೆಸಿ ಪ್ರಾಧಿಕಾರದಲ್ಲಿ ದಾಖಲಿಸಿದೆವು. ಒಂದು ಕಂತು ತಪ್ಪಿದರೂ ಮೂಲ ಆದೇಶದ ಪೂರ್ತಿ ಮೊತ್ತ ಮತ್ತೆ ಜೀವ ಪಡೆಯುತ್ತದೆ ಎಂಬ ಸಾಲು ಅದರಲ್ಲಿರಬೇಕು. ಮುಂದಿನ ದಿನಾಂಕದ ಚೆಕ್ಕುಗಳನ್ನು ನಂಬಿ ಜಪ್ತಿ ತೆರವಿಗೆ ಸಹಿ ಹಾಕಬೇಡಿ. ನಮ್ಮ ಕೈಗೆ ಮೊದಲು ಚೆಕ್ಕು ಕೊಡಲು ನೋಡಿದ್ದರು.

ಹಣ ಬರತೊಡಗಿದ ಮೇಲೂ ಕೆಲಸಗಳಿರುತ್ತವೆ. ಸಾಲ ಪಡೆಯುವಾಗ ಬ್ಯಾಂಕು, ಬಿಲ್ಡರ್ ಮತ್ತು ನಾವು ಮಾಡಿಕೊಂಡಿದ್ದ ತ್ರಿಪಕ್ಷೀಯ ಒಪ್ಪಂದದಂತೆ ಮೊದಲ ಡ್ರಾಫ್ಟುಗಳು ನೇರವಾಗಿ ಸಾಲದ ಖಾತೆಗೆ ಹೋದವು. ಸಾಲ ತೀರಿದ ಪತ್ರವನ್ನೂ ಬ್ಯಾಂಕಿನಲ್ಲಿದ್ದ ಮೂಲ ಒಪ್ಪಂದಗಳನ್ನೂ ಪಡೆದು, ಸಿಬಿಲ್ ವರದಿಯಲ್ಲಿ ಖಾತೆ ಮುಚ್ಚಿದ್ದು ನಮೂದಾಗಿದೆಯೇ ಎಂದು ನೋಡಿಕೊಂಡೆವು. ಮಾರಾಟದ ಕರಾರು ನೋಂದಣಿಯಾಗಿದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ರದ್ದತಿ ಪತ್ರವನ್ನೂ ನೋಂದಾಯಿಸಬೇಕಾಯಿತು. ಬಿಲ್ಡರ್ ಅದನ್ನು ಮೊದಲೇ ಮುಗಿಸಿಕೊಳ್ಳಲು ಅವಸರಪಡಿಸಿದರು, ನಾವು ಕೊನೆಯ ಡ್ರಾಫ್ಟ್ ನಗದಾದ ಮರುದಿನ ಹೋಗಿ ಸಹಿ ಹಾಕಿದೆವು. ಜಪ್ತಿ ತೆರವಿಗೆ ನಮ್ಮ ಅಭ್ಯಂತರವಿಲ್ಲವೆಂಬ ಪತ್ರ ಕೊಟ್ಟದ್ದೂ ಆಮೇಲೆಯೇ. ಬಡ್ಡಿಯ ಮೇಲಿನ ತೆರಿಗೆಯ ಬಗ್ಗೆ ವಿವರ ಸಲ್ಲಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ಬಾಕಿಯಿರುವುದು ಜಿಎಸ್‌ಟಿ. ನಾವು ಕಂತುಗಳ ಜೊತೆ ಕಟ್ಟಿದ್ದ ಆ ತೆರಿಗೆ ಸರ್ಕಾರಕ್ಕೆ ಹೋಗಿದೆಯೆಂದು ಬಿಲ್ಡರ್ ಅದನ್ನು ರಾಜಿಯಿಂದ ಹೊರಗಿಟ್ಟಿದ್ದರು. ಒಪ್ಪಂದ ರದ್ದಾಗಿ, ಬಿಲ್ಡರ್ ಕ್ರೆಡಿಟ್ ನೋಟ್ (ಹಳೆಯ ಇನ್‌ವಾಯ್ಸಿನ ಮೊತ್ತ ಮತ್ತು ತೆರಿಗೆಯನ್ನು ಇಳಿಸುವ ಪತ್ರ) ಕೊಡುವ ಅವಧಿಯೂ ಮೀರಿದ್ದರೆ, ಜಿಎಸ್‌ಟಿ ನೋಂದಣಿಯಿಲ್ಲದ ಸಾಮಾನ್ಯ ಖರೀದಿದಾರರೂ ತಾತ್ಕಾಲಿಕ ನೋಂದಣಿ ಪಡೆದು ಮರುಪಾವತಿ ಕೇಳಲು 2022ರ ಡಿಸೆಂಬರಿನ ಕೇಂದ್ರದ ಸುತ್ತೋಲೆಯೊಂದು ಅವಕಾಶ ಕೊಟ್ಟಿದೆ. ಅದಕ್ಕೆ ರದ್ದತಿ ಪತ್ರ, ತೆರಿಗೆ ಇನ್‌ವಾಯ್ಸುಗಳು, ಹಣ ಕಟ್ಟಿದ ಪುರಾವೆ ಮತ್ತು ಬಿಲ್ಡರಿನಿಂದ ಒಂದು ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರದ ಮಾತು ನಮ್ಮ ರಾಜಿ ಪತ್ರದಲ್ಲಿ ಮೊದಲೇ ಸೇರಿಸಿದ್ದರಿಂದ ಅದು ಕೈಗೆ ಬಂದಿದೆ, ಅರ್ಜಿ ಸಲ್ಲಿಕೆಯಾಗಿದೆ.